'ಬರ್ತೀನಿ' ಅಂದರೆ ಬಾಗಿಲಿಗೇನು ಗೊತ್ತು?

ಅವಳ ನಿಜವಾದ ಹೆಸರು ಕಾಲೇಜಿನ ಹಾಜರಿಗಷ್ಟೇ ಮೀಸಲು. ಎರಡನೇ ತರಗತಿಯಲ್ಲಿದ್ದಾಗ ಮಿಕ್ಸಿಯ ಹೊಟ್ಟೆ ಬಗೆದು ಇಡೀ ಕಟ್ಟಡವನ್ನು ಕತ್ತಲೆಗೆ ತಳ್ಳಿದ್ದಳಲ್ಲ, ಅಂದಿನಿಂದ ಎಲ್ಲ ಮಹಡಿಗಳಿಗೂ ಅವಳು ಫ್ಯೂಸು. ಭಾನುವಾರ ಬಂತೆಂದರೆ ಲೈಬ್ರರಿಯ ಜಗಲಿಯಲ್ಲಿ ಅಂಗಡಿ ಹರಡಿ ಕೂರುತ್ತಾಳೆ. ಕೆಟ್ಟ ರೇಡಿಯೊ, ಮೂಕಾದ ಮೊಬೈಲು, ಯಾರು ಏನು ತಂದರೂ ಬಿಟ್ಟಿ ರಿಪೇರಿ. "ನಮ್ಮನೆ ಫ್ಯಾನು ಮಾತ್ರ ಕಿರಗುಟ್ತಾನೇ ಇರುತ್ತೆ. ಊರಿಗೆ ಉಪಕಾರಿ, ಮನೆಗೆ ಮಾರಿ!" ಎಂದು ಅಮ್ಮ ಗೊಣಗುತ್ತಾಳೆ.

ಆದರೆ ಈ ಸಲ ಮಾಡಿದ್ದು ಮನೆಗಾಗಿಯೇ. ಯಾರೋ ಬಾಗಿಲು ತಟ್ಟಿದರೆಂದು ಎದ್ದ ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಮತ್ತೆ ಏಳಬಾರದೆಂದು, ಅಮ್ಮ ಆಸ್ಪತ್ರೆಯ ಲ್ಯಾಬಿಗೆ ಹೊರಡುವಾಗ ಹೊರಗಿನಿಂದ ಬೀಗ ಹಾಕತೊಡಗಿದಳು. ಹರಟೆಗೆ ಬಂದ ಮೇಲಿನ ಮಹಡಿಯ ಟೀಚರಮ್ಮ ಬೀಗದ ಮುಖ ನೋಡಿ ವಾಪಸ್ಸು. "ನಾನೇನು ಪೆಟ್ಟಿಗೇಲಿಟ್ಟ ಒಡವೇನಾ?" ಎಂದು ಅಜ್ಜಿ ಸಿಡಿದಳು.

ಫ್ಯೂಸು ಒಂದು ಪುಟ್ಟ ಡಬ್ಬ ಕಟ್ಟಿದಳು. ಹಾಸಿಗೆಯಿಂದಲೇ ಅಜ್ಜಿ "ಬಾ" ಎಂದರೆ ಸಾಕು, ಚಿಲಕ ಸರಿದು ಬಾಗಿಲು ತೆರೆಯಬೇಕು. ಅಮ್ಮ ನಂಬಲಿಲ್ಲ. "ತಿಳಿದೋರು ನೋಡಿ ಸರಿ ಅನ್ನಲಿ, ಬೀಗ ತೆಗೀತೀನಿ. ಅಲ್ಲಿವರೆಗೂ ಈ ಮಾತು ಬೇಡ."

ಹಾಗಾಗಿ ಕಾಲೇಜುಗಳ ತಂತ್ರಜ್ಞಾನ ಸ್ಪರ್ಧೆಯಲ್ಲಿ, ಗುಂಯ್‌ಗುಟ್ಟುವ ಡ್ರೋನಿನ ಪಕ್ಕದ ಮೇಜಿನ ಮೇಲೆ, ಮೊಣಕಾಲೆತ್ತರದ ಬಾಗಿಲೊಂದನ್ನು ನಿಲ್ಲಿಸಿಕೊಂಡು ಫ್ಯೂಸು ನಿಂತಿದ್ದಳು. ಕನ್ನಡಕದ ತೀರ್ಪುಗಾರ್ತಿ ಬಂದು "ಬಾ" ಅಂದರು, ತೆರೆಯಿತು. "ಬನ್ನಿ" ಅಂದರು, ತೆರೆಯಿತು. ಫ್ಯೂಸಿನ ಕಾಲು ನೆಲದ ಮೇಲಿರಲಿಲ್ಲ.

"ಚೆನ್ನಾಗಿದೆ. ಸರಿ, ಬರ್ತೀನಮ್ಮಾ" ಎಂದು ಅವರು ಹೊರಟರು.

ಮುಚ್ಚಿದ್ದ ಬಾಗಿಲು ಠಣ್ಣನೆ ತೆರೆಯಿತು.

ಸುತ್ತ ನಿಂತವರೆಲ್ಲ ಘೊಳ್ಳೆಂದರು. "ನಾನು ಹೊರಟರೆ ನಿನ್ನ ಬಾಗಿಲು ಸ್ವಾಗತ ಮಾಡ್ತಿದೆಯಲ್ಲ! ಕಳ್ಳ ಬಂದು 'ಬರ್ತೀನಿ' ಅಂದ್ರೂ ತೆಗೆಯುತ್ತಾ? ಸರಿ ಮಾಡಿಡು, ಊಟ ಆದ್ಮೇಲೆ ಇನ್ನೊಂದ್ಸಲ ಬರ್ತೀನಿ" ಎಂದರು ತೀರ್ಪುಗಾರ್ತಿ. ಬಾಗಿಲು ಮತ್ತೆ ತೆರೆಯಿತು.

ಫ್ಯೂಸಿನ ಮುಖ ಹುಳ್ಳಗಾಯಿತು. ಹೊರಡುವಾಗ "ಹೋಗ್ತೀನಿ" ಅನ್ನುವ ಜನ ನಾವಲ್ಲ, ಇದು ಹಾಲುಗಲ್ಲದ ಮಗುವಿಗೂ ಗೊತ್ತು. ಡಬ್ಬಕ್ಕೆ ಹೇಳಿಕೊಡಲು ಅವಳೇ ಮರೆತಿದ್ದಳು. ಊಟಕ್ಕೂ ಹೋಗದೆ ತಲೆ ಕೆರೆದುಕೊಂಡಳು. 'ಬರ್ತೀನಿ' ಅಂದ ಮಾತ್ರಕ್ಕೆ ಯಾರೂ ಎದ್ದುಹೋಗುವುದಿಲ್ಲ, ಮನೆಯವರು 'ಹೋಗ್ಬಾ' ಅನ್ನಬೇಕು. ಅಂದಮೇಲೆ ಬಾಗಿಲು ಕೇಳಬೇಕಾದ್ದು ಮನೆಯವರ ದನಿಯನ್ನು ಮಾತ್ರ! 'ಬಾ' ಅಂದರೆ ತೆರೆ, 'ಹೋಗ್ಬಾ' ಅಂದರೆ ಹೊರಗೆ ಬಿಟ್ಟು ಮುಚ್ಚಿಕೋ. ಇಷ್ಟೇ!

ಅಜ್ಜಿಯ ದನಿಯಲ್ಲಿ 'ಹೋಗ್ಬಾ' ಹುಡುಕಿದಳು. ಡಬ್ಬಕ್ಕೆ ಕಲಿಸಲೆಂದು ತಿಂಗಳಿಡೀ ರೆಕಾರ್ಡ್ ಮಾಡಿದ್ದ ಅಜ್ಜಿಯ ಮಾತುಗಳಲ್ಲಿ ಬೈಗುಳವಿತ್ತು, ಆಕಳಿಕೆಯಿತ್ತು, ಆ ಒಂದು ಮಾತಿರಲಿಲ್ಲ. ಆಗ ನೆನಪಾಯಿತು: ಬೀಗ ಬಂದ ದಿನದಿಂದ ಅಮ್ಮ "ಬರ್ತೀನಿ" ಅಂದಾಗಲೆಲ್ಲ ಅಜ್ಜಿ ಗೋಡೆಗೆ ಮುಖ ಮಾಡುತ್ತಾಳೆ.

ಫೋನು ಹಚ್ಚಿದಳು. "ಅಜ್ಜೀ, ಹೋಗ್ಬಾ ಅನ್ನು."

"ಬೀಗ ಹಾಕೋರಿಗೆ ಅದೊಂದು ಕೇಡು!"

"ಅಮ್ಮಂಗಲ್ಲ, ನಂಗೆ. ಬೆಳಿಗ್ಗೆ ಗಡಿಬಿಡೀಲಿ ಹೇಳ್ದೇ ಬಂದ್ಬಿಟ್ಟೆ. ಈಗ ಹೇಳ್ತೀನಿ, ಬರ್ತೀನಜ್ಜಿ."

ಅಜ್ಜಿಯ ದನಿ ಮೆತ್ತಗಾಯಿತು. "ಹೋಗ್ಬಾ ನನ್ನ ಚಿನ್ನ, ಗೆದ್ದು ಬಾ."

"ಇನ್ನೊಂದ್ಸಲ! ಇನ್ನೂ ಒಂದ್ಸಲ!"

"ಎಷ್ಟು ಸಲ ಹೋಗ್ತೀಯೇ?"

ತೀರ್ಪುಗಾರ್ತಿ ಮರಳಿದಾಗ ಫೋನಿನಲ್ಲಿ ಅಜ್ಜಿ ಕಾದಿದ್ದಳು. "ಬರ್ತೀನಿ" ಅಂದರು ತೀರ್ಪುಗಾರ್ತಿ, ಬೇಕೆಂದೇ ಜೋರಾಗಿ. ಬಾಗಿಲು ಕದಲಲಿಲ್ಲ. ಫೋನಿನಿಂದ ಅಜ್ಜಿ, "ಹೋಗ್ಬನ್ನಿ ತಾಯೀ" ಅಂದಳು. ಬಾಗಿಲು ತೆರೆಯಿತು, ಒಬ್ಬರು ದಾಟುವಷ್ಟು ಹೊತ್ತು ತಡೆಯಿತು, ಮುಚ್ಚಿತು, ಚಿಲಕ ಬಿತ್ತು. ತೀರ್ಪುಗಾರ್ತಿ ಕನ್ನಡಕ ತೆಗೆದು, "ನಮ್ಮಮ್ಮನ ಮನೆಗೂ ಒಂದು ಮಾಡ್ಕೊಡ್ತೀಯಾ?" ಎಂದು ಕೇಳಿದರು.

ಮೊದಲ ಬಹುಮಾನ ಡ್ರೋನಿಗೇ ಹೋಯಿತು. ಎರಡನೆಯದನ್ನು ಹಿಡಿದು ಫ್ಯೂಸು ಕುಣಿದ ಕುಣಿತಕ್ಕೆ ಡ್ರೋನಿನ ಹುಡುಗರು ತಾವೇ ಸೋತೆವೇನೋ ಅಂದುಕೊಂಡರು.

ಮರುದಿನ ಬೆಳಿಗ್ಗೆ ಡಬ್ಬ ಬಾಗಿಲೇರಿತ್ತು. ಅಮ್ಮ ಚಪ್ಪಲಿ ಮೆಟ್ಟಿದಳು, ಕೈಯಲ್ಲಿ ಇನ್ನೂ ಬೀಗವಿತ್ತು. "ಬರ್ತೀನಮ್ಮಾ."

ಅಜ್ಜಿ ಗೋಡೆ ನೋಡುತ್ತಿದ್ದಳು. ಫ್ಯೂಸು ಡಬ್ಬದ ಪಕ್ಕದಲ್ಲೇ ನಿಂತಿದ್ದಳು. ಈಗ ಅಜ್ಜಿ ಬಾಯಿ ಬಿಡದಿದ್ದರೆ ಯಾವ ತಂತ್ರಜ್ಞಾನವೂ ಕೆಲಸಕ್ಕೆ ಬರುವುದಿಲ್ಲ.

ಅಜ್ಜಿ ನಿಧಾನವಾಗಿ ಈ ಕಡೆ ಹೊರಳಿದಳು. "ಹೋಗ್ಬಾ ಮಗಳೇ. ಬಸ್ಸು ತಪ್ಪಿಸ್ಕೋಬೇಡ."

ಬಾಗಿಲು ತೆರೆಯಿತು. ಅಮ್ಮ ದಾಟಿದಳು, ಚಿಲಕ ಬಿತ್ತು. ಹೊರಗೆ ಸ್ವಲ್ಪ ಹೊತ್ತು ಹೆಜ್ಜೆ ಸಪ್ಪಳವಿಲ್ಲ. ಆಮೇಲೆ ಬೀಗ ಚೀಲದೊಳಗೆ ಬಿದ್ದ ಸದ್ದು.

ಅಜ್ಜಿ ಒಂದು ನಿಮಿಷವೂ ತಡೆಯಲಿಲ್ಲ. ಮೇಲಿನ ಮಹಡಿಗೆ ಕೇಳುವ ಹಾಗೆ ಕೂಗಿದಳು, "ಟೀಚರೇ, ಬನ್ನೀ!"

ಟೀಚರಮ್ಮ ಇನ್ನೂ ಮೆಟ್ಟಿಲಿಗೇ ಬಂದಿರಲಿಲ್ಲ, ಬಾಗಿಲು ಆಗಲೇ ತೆರೆದು ನಿಂತಿತ್ತು.