ಬಾಗಿಲಲ್ಲೇ ಕೊಟ್ಟ ಅಕ್ಕಿ

2022ರಲ್ಲಿ ನಾನು ಹರಿಹರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿಯಾಗಿದ್ದೆ. ದಾವಣಗೆರೆಯ ಸರಸ್ವತಿ ನಗರದ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕೊರೊನಾ ಕಾಲದಲ್ಲಿ ಮೊಬೈಲಿನಲ್ಲಿ ಪಾಠ ಕೇಳಿದ್ದ ಮಕ್ಕಳು ಆಗ ಒಂಬತ್ತನೇ ತರಗತಿಗೆ ಬಂದಿದ್ದರು. ಅವರಿಗೆ ಅಕ್ಷರ ಬರುತ್ತಿತ್ತು, ಉತ್ತರವೂ ಬರುತ್ತಿತ್ತು. ಎರಡರ ನಡುವೆ ಇರಬೇಕಾದ ಓದು ಇರಲಿಲ್ಲ. ಪಾಠ ಶುರುವಾಗುವ ಮೊದಲೇ ಪ್ರಶ್ನೆಕೋಠಿ, ಅಂದರೆ ಪರೀಕ್ಷೆಗೆ ಬರಬಹುದಾದ ಪ್ರಶ್ನೋತ್ತರಗಳ ಸಂಗ್ರಹ, ತೆರೆದಿಟ್ಟುಕೊಂಡು ಉತ್ತರವಿರುವ ಸಾಲುಗಳಿಗೆ ಪೆನ್ಸಿಲಿನಲ್ಲಿ ಕಂಸ ಹಾಕುತ್ತಿದ್ದರು. ಆಮೇಲೆ ಕಂಸದಿಂದ ಕಂಸಕ್ಕೆ ಹಾರುತ್ತಿದ್ದರು.

ಅದಕ್ಕಾಗಿ ವಾರದಲ್ಲಿ ಒಂದು ಪೀರಿಯಡ್ ಬರೀ ಓದಿಗೆ ಎಂದು ತೆಗೆದಿಟ್ಟೆ. ಪಠ್ಯದ ಹೊರಗಿನ ಒಂದು ಪುಟದ ಕಥೆ. ಮೊದಲು ನಾನು ಗಟ್ಟಿಯಾಗಿ ಓದುವುದು, ಆಮೇಲೆ ಎಲ್ಲರೂ ಮನಸ್ಸಿನಲ್ಲೇ ಓದುವುದು, ಕೊನೆಗೆ ಮಾತು. ಕಥೆಯ ನೀತಿ ಏನೆಂದು ಯಾರೂ ಹೇಳುವಂತಿಲ್ಲ. ಏನೇ ಹೇಳಿದರೂ ಅದು ಪುಟದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ಈ ಎರಡೇ ನಿಯಮ. ಒಂದು ಪುಟಕ್ಕೆ ಕೆಲವೊಮ್ಮೆ ಮೂರು ವಾರ ಹಿಡಿಯುತ್ತಿತ್ತು.

ದೂರು ಬಂದದ್ದು ಆ ತರಗತಿಯ ನಂದಿನಿಯ ತಂದೆ ಬಸವರಾಜಪ್ಪನವರಿಂದ. ಭಾನುವಳ್ಳಿಯಲ್ಲಿ ಅವರದು ಅಕ್ಕಿ ಅಂಗಡಿ. ಮುಖ್ಯೋಪಾಧ್ಯಾಯರು ತಮ್ಮ ಕೋಣೆಗೆ ನನ್ನನ್ನು ಕರೆಸಿದರು; ಬಸವರಾಜಪ್ಪನವರು ಅಲ್ಲೇ ಕೂತಿದ್ದರು.

"ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಐತ್ರಿ. ಟ್ಯೂಷನ್ನಾಗ ಐದ್ ಪಾಠ ಮುಗಿಸ್ಯಾರೆ. ನೀವು ಸಿಲಬಸ್ಸಿನಾಗ ಇಲ್ಲದ ಒಂದ್ ಹಾಳಿ ಹಿಡ್ಕಂಡು ಕುಂತೀರಿ. ಇದನ್ನ ನಿಲ್ಸ್ರಿ, ಇಲ್ಲಾಂದ್ರೆ ನಮ್ ಹುಡುಗಿ ಟಿ.ಸಿ. ಕೊಡ್ರಿ."

ಟಿ.ಸಿ. ಎಂದರೆ ಬೇರೆ ಶಾಲೆಗೆ ಸೇರಲು ಬೇಕಾದ ವರ್ಗಾವಣೆ ಪತ್ರ. ಒಂದು ಮಗು ಹೋದರೆ ಅದರ ಹಿಂದೆ ಇನ್ನಷ್ಟು ಹೋಗುತ್ತವೆ ಎಂಬ ಭಯ ಮುಖ್ಯೋಪಾಧ್ಯಾಯರಿಗೆ. ಓದಿನ ಪೀರಿಯಡ್ ಬಿಟ್ಟು ಪ್ರಶ್ನೆಕೋಠಿ ಮಾಡಿಸಿ ಎಂದು ಅಲ್ಲೇ ಹೇಳಿದರು. ಬಸವರಾಜಪ್ಪನವರು ಒಮ್ಮೆ ತರಗತಿಯಲ್ಲಿ ಕೂತು ನೋಡಲಿ, ಆಮೇಲೆ ಇವರು ಹೇಳಿದ ಹಾಗೆ ಮಾಡುತ್ತೇನೆ ಎಂದೆ. ನನ್ನ ಕ್ರಮದ ಬಗ್ಗೆ ನನಗೆ ನಂಬಿಕೆಯಿತ್ತು. ಇವರ ತಾಳ್ಮೆಯ ಬಗ್ಗೆ ಇರಲಿಲ್ಲ.

"ಮತ್ತ ಒಂಬತ್ನೇ ಕ್ಲಾಸಿನಾಗ ಕೂಡಿಸ್ತೀರೇನ್ರಿ ನನ್ನ?" ಎಂದರು. ಆದರೂ ಎದ್ದು ಬಂದರು.

ಆ ದಿನದ ನನ್ನ ದಿನಚರಿಯಲ್ಲಿರುವುದು ನಾಲ್ಕೈದು ಸಾಲು ಮಾತ್ರ. ಈ ಪ್ರಸಂಗವನ್ನು ಶಿಕ್ಷಕರ ತರಬೇತಿಗಳಲ್ಲಿ ಹಲವು ಸಲ ಹೇಳಿದ್ದೇನೆ. ಹೇಳಿ ಹೇಳಿ ಮಾತುಗಳಿಗೆ ನಾನೇ ಹೊಳಪು ಕೊಟ್ಟಿರಬಹುದು. ಅವರು ಯಾವ ಬೆಂಚಿನಲ್ಲಿ ಕೂತಿದ್ದರು ಎಂಬುದನ್ನೂ ಖಚಿತವಾಗಿ ಹೇಳಲಾರೆ. ನಡೆದದ್ದರ ಕ್ರಮ ಮಾತ್ರ ಹೀಗೆಯೇ.

ಕಥೆ ಸರಳವಾದದ್ದು. ಹೊತ್ತು ಮುಳುಗುವ ಸಮಯ. ಮನೆಗೆ ನೆಂಟರು ಬಂದಿದ್ದಾರೆ ಎಂದು ಒಬ್ಬ ಪಕ್ಕದ ಮನೆಗೆ ಅಕ್ಕಿ ಕೇಳಲು ಬರುತ್ತಾನೆ. ಮನೆಯ ಯಜಮಾನ ಒಳಗೆ ಹೋಗಿ ಸೇರು ತುಂಬಾ ಅಕ್ಕಿ ತಂದು ಬಾಗಿಲಲ್ಲೇ ಕೊಡುತ್ತಾನೆ. ಬಂದವನು ಹೊರಟುಹೋಗುತ್ತಾನೆ. ಅಷ್ಟೇ.

ಓದು ಮುಗಿದ ಮೇಲೆ ಬಸವರಾಜಪ್ಪನವರೇ ಮೊದಲು ಮಾತಾಡಿದರು. "ಕೇಳ್ದ, ಕೊಟ್ಟ. ಒಳ್ಳೆ ಮನುಷ್ಯ. ಮುಗೀತಲ್ಲ, ಇದಕ್ಕೆ ವಾರ ಯಾಕ್ರಿ?"

ನಂದಿನಿ ಕೈ ಎತ್ತಿದಳು. ಅಪ್ಪನ ಕಡೆ ನೋಡದೆ ನನ್ನನ್ನೇ ನೋಡುತ್ತಾ ಹೇಳಿದಳು: "ಒಳ್ಳೆಯವನಲ್ಲ ಮೇಡಂ. ಮನೀಗೆ ಬಂದೋರಿಗೆ ಕೂಡ್ರಿ ಅನ್ನಲಿಲ್ಲ ಅವ." ಸಾಲಿನ ಮೇಲೆ ಬೆರಳಿಟ್ಟು ಓದಿದಳು: 'ಹೊಸ್ತಿಲ ಒಳಗೆ ತಾನು ನಿಂತು, ಹೊರಗೆ ಅವನನ್ನು ನಿಲ್ಲಿಸಿ ಕೊಟ್ಟ.'

ತರಗತಿ ಗುಜುಗುಜು ಎಂದಿತು. ನಮ್ಮ ಕಡೆ ಜಗಳ ಆಡಲು ಬಂದವರಿಗೂ ಮೊದಲು ಕೂಡ್ರಿ ಅನ್ನುತ್ತಾರೆ, ನೀರು ಕೊಡುತ್ತಾರೆ. ಅದನ್ನು ಹೇಳದ ಮನೆ ಎಂಥದ್ದು ಎಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಕೊಟ್ಟದ್ದು ನಿಜ, ಆದರೆ ಸಣ್ಣವನನ್ನಾಗಿ ಮಾಡಿ ಕೊಟ್ಟ ಎಂದು ಹಲವರು ನಂದಿನಿಯ ಕಡೆಗಾದರು.

ಬಸವರಾಜಪ್ಪನವರು ಹಾಳೆಯನ್ನು ದೂರ ಹಿಡಿದು ಮತ್ತೆ ಓದುತ್ತಿದ್ದರು. ಹಾಳೆಯಿಂದ ತಲೆ ಎತ್ತಿ, "ಒಳಗ ಕರ್ಯಾಕ ಆಗಲ್ಲ ಅವಗ. ಒಳಗ ಏನೂ ಇಲ್ಲ," ಎಂದರು.

ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಎಲ್ಲೈತೆ ತೋರಿಸ್ರಿ." ನಿಯಮ ಎಲ್ಲರಿಗೂ ಒಂದೇ ತಾನೆ?

ಅವರು ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಾ ಒಂದು ಕಡೆ ನಿಲ್ಲಿಸಿದರು. 'ಒಳಗೆ ಹೆಂಡತಿ ಕಣಜದ ಮೂಲೆಯಲ್ಲಿ ಪೊರಕೆ ಆಡಿಸುವ ಸದ್ದು ಕೇಳಿಸಿತು.' "ಕಾಳು ತುಂಬಿದ್ ಕಣಜಕ್ಕೆ ಯಾರೂ ಪೊರಕೆ ಹಾಕಲ್ಲ. ತಳ ಬಳದು ಕೊಟ್ಟಾರೆ ಇವರು. ಒಳಗ ಬಂದ್ರೆ ಕಾಣ್ತೈತೆ ಅಂತ ಬಾಗಿಲಾಗ ನಿಲ್ಸ್ಯಾನೆ. ಕಂಡ್ರೆ ಆ ಮನುಷ್ಯ ತಗೊಂತಿದ್ನಾ?"

ಎಲ್ಲರ ಕಣ್ಣೂ ಆ ಸಾಲಿನ ಮೇಲಿತ್ತು.

ನಂದಿನಿ ಸೋಲಲಿಲ್ಲ. "ಆದ್ರೂ ಅಪ್ಪಾಜಿ, ಬಾಗಿಲ ಮುಂದಿನ ಕಟ್ಟೆ ಮ್ಯಾಲೆ ಕೂಡ್ರಿ ಅನ್ನಬೌದಿತ್ತಲ್ಲ? ಕಟ್ಟೇನೂ ಖಾಲಿ ಆಗಿತ್ತಾ?"

ತರಗತಿ ನಕ್ಕಿತು, ಬಸವರಾಜಪ್ಪನವರೂ ನಕ್ಕರು. "ಮನ್ಯಾಗೂ ಹಿಂಗೇ ನೋಡ್ರಿ ಮೇಡಂ, ಕೊನೇ ಮಾತು ಇವಳದೇ." ಕಟ್ಟೆ ಎಲ್ಲಾದರೂ ಬರುತ್ತದೆಯೇ ಎಂದು ಹಾಳೆಯನ್ನು ಮತ್ತೆ ಹುಡುಕತೊಡಗಿದರು. ಅಷ್ಟರಲ್ಲಿ ಬೆಲ್ ಹೊಡೆಯಿತು.

ಅವರು ಅಕ್ಕಿ ವ್ಯಾಪಾರಿಯಲ್ಲದೆ ಸಿಮೆಂಟಿನ ವ್ಯಾಪಾರಿಯಾಗಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ದಿನ ಆ ಕಥೆ ಇದ್ದದ್ದು ಅದೃಷ್ಟವೇ. ಆದರೆ ತನಗೆ ಗೊತ್ತಿರುವುದನ್ನು ಪುಟದ ಮೇಲಿನ ಒಂದು ಸಾಲಿಗೆ ತಂದು ಮುಟ್ಟಿಸಬೇಕಾಗಿ ಬಂದದ್ದು ಅದೃಷ್ಟದಿಂದಲ್ಲ. ಅದು ತರಗತಿಯ ಕೆಲಸ.

ಟಿ.ಸಿ. ಮಾತು ಮತ್ತೆ ಬರಲಿಲ್ಲ. ಪೀರಿಯಡ್ ಇರಲಿ, ಆದರೆ ಪರೀಕ್ಷೆಗೆ ಮೊದಲು ಪೋರ್ಷನ್ ಮುಗಿಸಲೇಬೇಕು ಎಂದು ಬಸವರಾಜಪ್ಪನವರು ಮುಖ್ಯೋಪಾಧ್ಯಾಯರ ಎದುರಿಗೇ ಹೇಳಿ ಹೊರಟರು. ಅದು ನ್ಯಾಯವಾದ ಮಾತು, ಮುಗಿಸಿದೆ ಕೂಡ. ಗೇಟಿನ ತನಕ ಹೋದವರು ತಿರುಗಿ ಬಂದು ದನಿ ತಗ್ಗಿಸಿ ಕೇಳಿದರು: "ಅಲ್ರೀ ಮೇಡಂ, ಅಕ್ಕಿ ತಗೊಂಡ್ ಹೋದೋನಿಗೆ ಆ ಸದ್ದು ಕೇಳಿಸ್ತಾ, ಇಲ್ಲಾ?"

ಅದು ಪುಟದಲ್ಲಿಲ್ಲ ಎಂದೆ. ಅವರು ತಲೆಯಾಡಿಸಿ, ಯೋಚಿಸುತ್ತಲೇ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಪಾಠ ತಲುಪಿತೇ ಎಂದು ತಿಳಿಯಲು ಅಂದಿನಿಂದ ನಾನು ಮಕ್ಕಳ ಉತ್ತರಕ್ಕಾಗಿ ಕಾಯುವುದಿಲ್ಲ. ಬೆಲ್ ಹೊಡೆದ ಮೇಲೂ ಯಾರಾದರೂ ತಿರುಗಿ ಬಂದು ಏನಾದರೂ ಕೇಳುತ್ತಾರೆಯೇ ಎಂದು ನೋಡುತ್ತೇನೆ.