ಮಖಮಲ್ಲಿನಂಥ ಕಳ್ಳಿ

ಆಗೆಲ್ಲ ಬ್ಯಾಡಗಿಯಲ್ಲಿ ನಮ್ಮ ಓಣಿಯ ಮಕ್ಕಳಿಗೆ ಸುಗ್ಗಿ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ. ಸೀನು ಹೇಳುತ್ತಿತ್ತು. ಬೆಳಿಗ್ಗೆ ಹಾಸಿಗೆಯಲ್ಲೇ ನಾನೊಂದು ಸೀನಿದರೆ ಪಕ್ಕದ ಮನೆಯಿಂದ ಇನ್ನೊಂದು ಸೀನು ಉತ್ತರ ಕೊಡುತ್ತಿತ್ತು. ಪೇಟೆಗೆ ಮೆಣಸಿನಕಾಯಿ ಚೀಲ ಬರತೊಡಗಿದವೆಂದರೆ ಹಾಸಿಗೆಗೂ ರೊಟ್ಟಿಗೂ ಶಾಲೆಯ ಪಾಟಿಚೀಲಕ್ಕೂ ಒಂದೇ ಘಾಟು. ಅಪ್ಪನದು ದಲಾಲಿ ಅಂಗಡಿ. ಅಂಗಡಿಯಲ್ಲಿ ಜಾಗ ಸಾಲದ ಚೀಲಗಳು ಮನೆಯ ಪಡಸಾಲೆಗೆ ಬಂದು ಬೀಳುತ್ತಿದ್ದವು. ನಾವು ಅವುಗಳ ಮೇಲೆ ಹತ್ತಿ ಕಣ್ಣಾಮುಚ್ಚಾಲೆ ಆಡಿ, ಅದೇ ಕೈಯಿಂದ ಕಣ್ಣು ಉಜ್ಜಿಕೊಂಡು, ಲಬೋ ಲಬೋ ಅಂತ ಅತ್ತು, ಮರುದಿನ ಮತ್ತೆ ಹತ್ತುತ್ತಿದ್ದೆವು. ಬುದ್ಧಿ ಅನ್ನೋದು ಇದ್ದರೆ ತಾನೆ!

ಊರಿನಲ್ಲಿ ಯಾರಿಗೆ ಎಲ್ಲಿ ಉರಿದರೂ ಉತ್ತರ ಒಂದೇ: "ಕಾಯಿ ಮುಟ್ಟಿರಬೇಕ ತಗಿ." ಎಣ್ಣೆ ಹಚ್ಚಿಕೋ, ಬೆಲ್ಲ ತಿನ್ನು, ಸುಮ್ಮನಿರು. ಬೇರೆ ಯಾವುದರಿಂದಲಾದರೂ ಉರಿದೀತು ಎಂದು ನಮಗೆ ಹೊಳೆಯುತ್ತಲೇ ಇರಲಿಲ್ಲ. ನಮ್ಮ ಮನೆ ತಲೆ ತಗ್ಗಿಸಿದ್ದು ಈ ಉತ್ತರದಿಂದಲೇ.

ಹಿಂದಿನ ಓಣಿಯ ಮಾಬೂಬಿ, ನಾವು ಮಕ್ಕಳು ಖಾಲಾ ಅಂದರೆ ಚಿಕ್ಕಮ್ಮ ಅನ್ನುತ್ತಿದ್ದವಳು, ಕಾಯಿಯ ತೊಟ್ಟು ಮುರಿಯಲು ನಮ್ಮ ಮನೆಗೆ ಬರುತ್ತಿದ್ದಳು. ಕೂಗದೆ ಕರೆಯದೆ ಹಿತ್ತಲ ಬಾಗಿಲು ತಳ್ಳಿ ನೇರ ಅಡುಗೆಮನೆಗೆ ಬರುವ ಸಲಿಗೆ ಅವಳಿಗಿತ್ತು. ತಮ್ಮ ಮಲ್ಲು ಆಗಿನ್ನೂ ತೊಟ್ಟಿಲ ಕೂಸು. ಅವಳ ದನಿ ಕೇಳಿದರೆ ಸಾಕು, ಅವ್ವನ ಕಂಕುಳಲ್ಲೂ ನಿಲ್ಲುತ್ತಿರಲಿಲ್ಲ. ಕೆಲಸ ಮುಗಿಸಿ ಎದ್ದ ಖಾಲಾ ಹುಣಸೆಹಣ್ಣು ತಿಕ್ಕಿ, ಮಜ್ಜಿಗೆ ಸುರಿದುಕೊಂಡು, ಕೊನೆಗೆ ಸಾಬೂನು ಹಚ್ಚಿ ಕೈ ತೊಳೆದು, ಎರಡೂ ಅಂಗೈ ನನ್ನ ಮೂಗಿಗೆ ಹಿಡಿಯುತ್ತಿದ್ದಳು.

"ಮೂಸಿ ನೋಡ ಶೋಭವ್ವಾ. ಪಾಸೋ ಫೇಲೋ?"

ನಾನು ಶಾಲೆಗೆ ಬರುವ ಇನ್‌ಸ್ಪೆಕ್ಟರನ ಗತ್ತಿನಲ್ಲಿ ಮೂಸಿ, ಬೇಕೆಂದೇ ತಡಮಾಡಿ, "ಪಾಸ್" ಅನ್ನುತ್ತಿದ್ದೆ. ಒಮ್ಮೊಮ್ಮೆ ಸುಳ್ಳೇ "ಫೇಲ್" ಅಂದರೆ, "ಎಲಾ ಇಕೀನ!" ಎಂದು ಕಿವಿ ಹಿಂಡಿ ಮತ್ತೆ ಬಚ್ಚಲಿಗೆ ಹೋಗುತ್ತಿದ್ದಳು. ಪಾಸಾಗದೆ ಅವಳು ಕೂಸನ್ನು ಎತ್ತಿಕೊಂಡದ್ದೇ ಇಲ್ಲ.

ಅವ್ವನ ತವರು ಹಲಗೇರಿ. ಸೀರೆ ಒಡವೆಯ ಹುಚ್ಚು ಅವಳಿಗಿರಲಿಲ್ಲ, ಇದ್ದದ್ದು ಕಳ್ಳಿಯ ಹುಚ್ಚು. ಅಪ್ಪನ ತಾಯಿ, ನಮ್ಮ ಆಯಿ, ಇದಕ್ಕೆ ಮೊದಲೇ ಬೇಲಿ ಹಾಕಿದ್ದಳು. "ಮುಳ್ಳಿನ ಗಿಡ ಮನ್ಯಾಗ ಇಟ್ರ ಮಂದಿ ಬಾಯಾಗೂ ಮುಳ್ಳ ಹುಟ್ತಾವು. ಒಂದ ಮುಳ್ಳ ಕಂಡ್ರೂ ಎಲ್ಲಾ ಡಬ್ಬಿ ತಿಪ್ಪಿಗೆ." ಅವ್ವ ವಾದಿಸಲಿಲ್ಲ. ಮುಳ್ಳಿಲ್ಲದ ಕಳ್ಳಿಗಳನ್ನೇ ಹುಡುಕಿ ತರತೊಡಗಿದಳು. ಬ್ರಹ್ಮಕಮಲವೂ ಕಳ್ಳಿಯ ಜಾತಿಯೇ ಅಂತೆ, ಆದರೆ ಆಯಿ ಹೆಸರು ಕೇಳಿಯೇ ಕೈ ಮುಗಿದುಬಿಟ್ಟಳು. ನಕ್ಷತ್ರದ ಹಾಗೆ ಹೋಳು ಹೋಳಾಗಿ ಕಲ್ಲಿನಂತೆ ಕೂತಿರುತ್ತಿದ್ದ ಇನ್ನೊಂದನ್ನು ಮೂರ್ನಾಲ್ಕು ಸಲ ಮುಟ್ಟಿ ನೋಡಿ ಪಾಸು ಮಾಡಿದಳು. ಡಾಲ್ಡಾ ಡಬ್ಬಿ, ಬಾಯಿ ಒಡೆದ ಗಡಿಗೆ, ಕಿವಿ ಮುರಿದ ಕಪ್ಪು, ಹೀಗೆ ಮಾಳಿಗೆಯ ಮೆಟ್ಟಿಲ ತುಂಬ ಅವ್ವನ ಸಂಸಾರ ಬೆಳೆಯಿತು. ದಿನವಿಡೀ ರೊಟ್ಟಿ ಬಡಿಯುವವಳು ಸಂಜೆ ಅಲ್ಲಿ ಕೂತರೆ ಬೇರೆಯೇ ಹೆಂಗಸಾಗುತ್ತಿದ್ದಳು. ಒಬ್ಬಳೇ ನಗುತ್ತಿದ್ದಳು ಕೂಡ.

ಆ ವರ್ಷ ರಾಣೆಬೆನ್ನೂರಿನಲ್ಲಿ ಗಿಡ ಮಾರುವವನ ಹತ್ತಿರ ಹೊಸದೊಂದು ಸಿಕ್ಕಿತು. ಮೊಲದ ಕಿವಿಯಂಥ ಹಸಿರು ಹಲಗೆಗಳು, ಮೈತುಂಬ ಹಳದಿ ಚುಕ್ಕಿ. "ಮುಳ್ಳ ಇಲ್ಲ ಏನಿಲ್ಲ ಅಕ್ಕಾರ, ಕೂಸಿನ ಗಲ್ಲ ಇದ್ದಂಗ ಐತಿ ನೋಡ್ರಿ" ಅಂದನಂತೆ. ಆಯಿ ದೂರದಿಂದಲೇ ನೋಡಿ, "ಮಖಮಲ್ಲಿನಂಗ ಐತಿ, ಇರ್ಲಿ" ಅಂದಳು.

ಸಂಕ್ರಾಂತಿ ಮುಗಿದು ಬಿಸಿಲು ಬಲಿಯುವ ಮುಂಚೆ ಡಬ್ಬಿ ಬದಲಿಸುವ ಕೆಲಸ. ನಮ್ಮ ಕಡೆಯ ಎರೆಮಣ್ಣು ನೀರು ಹಿಡಿದರೆ ಬಿಡುವುದಿಲ್ಲ, ಕಳ್ಳಿಯ ಬೇರು ಕೊಳೆತುಹೋಗುತ್ತದೆ. ಅದಕ್ಕೇ ಅವ್ವ, ಕಾಯಿ ತರುವ ಐರಣಿಯ ರೈತರಿಗೆ ದುಂಬಾಲು ಬಿದ್ದು ಹೊಳೆಯ ಉಸುಕು ತರಿಸುತ್ತಿದ್ದಳು. ಉಸುಕು ಸಾಣಿಸುವುದು, ಹಂಚಿನ ಚೂರು ಕುಟ್ಟುವುದು ನನ್ನ ಪಾಲು. ಅವ್ವ ಗಿಡ ಕಿತ್ತು, ಬೇರಿನ ಹಳೆ ಮಣ್ಣು ಕೊಡವಿ, ಹೊಸ ಡಬ್ಬಿಯಲ್ಲಿ ಕೂಡಿಸಿ, "ಸಂತಿ ಬರೂತನಾ ಹನಿ ನೀರ ಹಾಕಬ್ಯಾಡ. ಬೇರಿನ ಗಾಯ ಮಾಯಬೇಕು" ಅನ್ನುತ್ತಿದ್ದಳು. ಆ ದಿನ ಮೊಲದ ಕಿವಿಯನ್ನೂ ಎರಡೂ ಕೈಯಿಂದ ತಬ್ಬಿ ಹಿಡಿದು ನೆಟ್ಟಳು. ನೆಟ್ಟಾದ ಮೇಲೆ ಬೆರಳು ಚುರುಚುರು ಅಂದವು.

"ಮುಂಜಾನಿ ಖಾರ ಕುಟ್ಟೇನಲ್ಲ, ಅದ ಉರಿ" ಎಂದು ಸೆರಗಿಗೆ ಕೈ ಒರೆಸಿಕೊಂಡಳು. ಬ್ಯಾಡಗಿಯ ಯಾವ ಹೆಂಗಸಾದರೂ ಹಾಗೇ ಅನ್ನುತ್ತಿದ್ದಳು.

ಜರಡಿ ಇಡಲು ನಾನು ಕೆಳಗಿಳಿದು ಸ್ವಲ್ಪ ಹೊತ್ತಿಗೆ ಮಲ್ಲು ಎದ್ದು ಅತ್ತ. ಅವ್ವ ಓಡಿಬಂದು ಸೆರಗಿನಿಂದ ಅವನ ಕಣ್ಣು, ಗಲ್ಲ, ಜೊಲ್ಲು ಒರೆಸಿದಳು. ಖಾಲಾ ಆಗತಾನೇ ಕೈ ತೊಳೆದು ನನ್ನಿಂದ ಪಾಸ್ ಅನ್ನಿಸಿಕೊಂಡು ನಿಂತಿದ್ದಳು. "ನೀ ತಗೋ ಮಾಬೂಬಿ, ನನ್ನ ಕೈ ಖಾರ ಅದಾವು" ಎಂದು ಅವ್ವ ಕೂಸನ್ನು ಅವಳ ಕೈಗಿತ್ತಳು. ಕೂಸು ಚಿಟ್ಟನೆ ಚೀರಿತು. ಉಸಿರು ಕಟ್ಟಿ ಚೀರಿತು. ನೋಡನೋಡುತ್ತ ಗಲ್ಲ ಕೆಂಪಾಗಿ ಸಣ್ಣ ಸಣ್ಣ ಗುಳ್ಳೆ ಎದ್ದವು. ದೇವರ ಮನೆಯಿಂದ ಓಡಿಬಂದ ಆಯಿಗೆ ಕಂಡದ್ದು ಖಾಲಾನ ತೋಳಿನಲ್ಲಿ ಒದ್ದಾಡುತ್ತಿದ್ದ ಮೊಮ್ಮಗ.

"ಕಾಯಿ ಕೈಲೆ ಕೂಸಿನ ಮಾರಿ ಮುಟ್ಟಿ ಏನ?"

"ಇಲ್ರಿ ಅಮ್ಮಾರ, ತೊಳಕೊಂಡೇನ್ರಿ. ಶೋಭವ್ವ ಮೂಸ್ಯಾಳ, ಕೇಳ್ರಿ."

"ಹೌದ ಆಯಿ, ನಾ ಮೂಸೇನಿ. ಪಾಸ್ ಆಗೇತಿ" ಅಂದೆ.

"ನೀ ಬಾಯಿ ಮುಚ್ಚ! ಸುಗ್ಗಿ ಪೂರಾ ನೆಗಡಿ ಹಿಡದ ಮೂಗ ನಿಂದು, ಅದೇನ ಮೂಸತೈತಿ?" ಆಯಿ ಖಾಲಾನ ಕಡೆ ತಿರುಗಿದಳು. "ಗುಂಟೂರ ಕಾಯಿ ಬಂದಾವ ಈ ಸಲ, ಅದರ ಖಾರ ತೊಳದ್ರ ಹೋಗತೈತೇನ? ಮಂದಿ ಕೂಸಲ್ಲ, ನಿನಗೇನ ಆಗಬೇಕು? ನೀ ಹಡದ ಕೂಸಾಗಿದ್ರ ಹಿಂಗ ಮುಟ್ತಿದ್ದೇನ?"

ಖಾಲಾ ಕೂಸನ್ನು ಅವ್ವನ ಕೈಗೆ ಕೊಟ್ಟು, ತನ್ನ ಅಂಗೈಗಳನ್ನು ಒಮ್ಮೆ ತಾನೇ ನೋಡಿಕೊಂಡಳು. ಚಪ್ಪಲಿ ಹಿತ್ತಲಲ್ಲಿತ್ತು. ಅದನ್ನು ಅಲ್ಲೇ ಬಿಟ್ಟು ಮುಂಬಾಗಿಲಿನಿಂದ ಬರಿಗಾಲಲ್ಲಿ ಹೋದಳು.

ಮರುದಿನವೂ ಅವ್ವನ ಬೆರಳ ಚುರುಚುರು ನಿಲ್ಲಲಿಲ್ಲ. ಖಾರ ಇಷ್ಟು ಹೊತ್ತು ಉಳಿಯುವುದಿಲ್ಲ. ಸೀರೆ ಒಗೆಯಲೆಂದು ಸೆರಗನ್ನು ಬಿಸಿಲಿಗೆ ಹಿಡಿದವಳು ಹಾಗೇ ನಿಂತುಬಿಟ್ಟಳು. ಸೆರಗಿನ ತುಂಬ ಕೂದಲಿಗಿಂತ ಸಣ್ಣ ಹಳದಿ ಮುಳ್ಳು ಮಿಣಿಮಿಣಿ ಅನ್ನುತ್ತಿದ್ದವು. ಆ ಮಖಮಲ್ಲಿನ ಚುಕ್ಕಿಗಳೆಲ್ಲ ಮುಳ್ಳಿನ ಗೊಂಚಲು! ಅವ್ವ ಗೋಧಿ ಹಿಟ್ಟು ಕಲಸಿ ಉಂಡೆ ಮಾಡಿ ಮಲ್ಲುವಿನ ಗಲ್ಲದ ಮೇಲೆ ಮೆಲ್ಲಗೆ ಉರುಳಿಸಿದಳು. ಮುಳ್ಳು ಹಿಟ್ಟಿಗೆ ಹತ್ತಿ ಬಂದವು, ಕೂಸು ನಿದ್ದೆ ಹೋಯಿತು. ಅವ್ವ ಉಂಡೆ ಕೈಯಲ್ಲಿ ಹಿಡಿದುಕೊಂಡೇ ಅತ್ತಳು.

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ" ಅನ್ನುವ ಗಾದೆಯನ್ನು ನಾನು ಆ ವರ್ಷ ಶಾಲೆಯಲ್ಲಿ ಕಲಿತಿದ್ದೆ. ಮನೆಯಲ್ಲಿ ಅದರ ಅರ್ಥವೂ ಸಿಕ್ಕಿತು.

ಅವ್ವ ಆಯಿಗೆ ಹೇಳಿಯೇಬಿಟ್ಟಳು. ಮೆಟ್ಟಿಲ ಮೇಲಿನ ಸಂಸಾರವೆಲ್ಲ ತಿಪ್ಪೆ ಸೇರುತ್ತದೆಂದು ಗೊತ್ತಿದ್ದೂ ಹೇಳಿದಳು. ಇವತ್ತಿಗೂ ಅವಳ ಆ ಒಂದು ಧೈರ್ಯವನ್ನು ನಾನು ಮರೆತಿಲ್ಲ. "ತಪ್ಪ ನಂದ ಐತ್ರಿ ಅತ್ತೀ. ಗಿಡ ಎಲ್ಲಾ ಒಗೀತೇನಿ. ಮಾಬೂಬಿ ಮನಿಗೆ ಹೋಗಿ ಹೇಳಿ ಬರ್ತೇನಿ."

ಆಯಿ ಬಾಯಿಯ ಎಲೆ ಅಡಿಕೆ ಉಗುಳಿ ಬಂದಳು. ಆಮೇಲೆ ಅಂದಳು:

"ಗಿಡ ಇರ್ಲಿ."

ಅವ್ವ ತಟ್ಟನೆ ತಲೆ ಎತ್ತಿದಳು.

"ಒಗದ್ರ ಓಣ್ಯಾಗಿನ ಮಂದಿ ಯಾಕ ಒಗದ್ರಿ ಅಂತ ಕೇಳ್ತಾರ. ಏನಂತ ಹೇಳ್ತಿ? ಆಕಿ ಮನಿಗೂ ಹೋಗಬ್ಯಾಡ. ಮಾತಾಡಿದ್ರ ಹೋತು, ಮುತ್ತ ಒಡದ್ರ ಹೋತು. ಹಿರ್ಯಾರು ಆಡಿದ ಮಾತ ಸೊಸಿ ಹೋಗಿ ತಿರಗಿ ತಂದ್ರ ಈ ಮನಿ ಮರ್ಯಾದಿ ಏನ ಉಳೀತು?"

ಅಪ್ಪ ಕೇಳಿಸಿಕೊಂಡು ಅಂಗಡಿಗೆ ಹೋದ. ಅವ್ವ ನನ್ನ ಹತ್ತಿರ ಮಾತ್ರ "ನಾಳೆ ಹೋಗ್ತೇನಿ" ಅಂದಳು. ಮರುದಿನವೂ ನಾಳೆ ಅಂದಳು. ಆಮೇಲೆ ನಾನೇ ಕೇಳುವುದನ್ನು ಬಿಟ್ಟೆ, ಯಾಕೆಂದರೆ ಕೇಳಿದಾಗ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಗಿಡಗಳು ಉಳಿದವು. ಬರೀ ಉಳಿದದ್ದಲ್ಲ, ಆ ಬೇಸಿಗೆ ಹೊಸ ಕಿವಿ ಒಡೆದು ಹುಲುಸಾಗಿ ಬೆಳೆದವು. ಅವ್ವ ಸಂಜೆ ಅಲ್ಲಿ ಕೂರುವುದನ್ನು ಬಿಟ್ಟಳು. ಖಾಲಾ ಬೇರೆಯವರ ಅಂಗಡಿಗೆ ತೊಟ್ಟು ಮುರಿಯಲು ಹೋಗತೊಡಗಿದಳು. ಕೂಸಿಗೆ ಖಾರದ ಕೈ ಹಚ್ಚಿದವಳು ಅನ್ನುವ ಮಾತು ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಅಲ್ಲಿಯ ಹೆಂಗಸರು ತಮ್ಮ ಕೂಸುಗಳನ್ನು ಅವಳ ಕೈಗೆ ಕೊಡುತ್ತಿರಲಿಲ್ಲವೆಂದು ಶಾಲೆಯಲ್ಲಿ ಗೆಳತಿಯೊಬ್ಬಳು ನನಗೆ ಹೇಳಿದಳು. ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು.

ಮುಂದಿನ ಸುಗ್ಗಿ ಶುರುವಾಗುವ ಹೊತ್ತಿಗೆ ರಂಜಾನ್ ಹಬ್ಬ ಬಂತು. ಪ್ರತಿ ವರ್ಷ ಖಾಲಾ ಹಿತ್ತಲಿಂದ ಬಂದು ಸುರಕುಂಬಾದ ಪಾತ್ರೆ ಇಟ್ಟು, ಆ ಶಾವಿಗೆ ಖೀರಿನಲ್ಲಿಯ ಖರ್ಜೂರದ ಚೂರನ್ನು ಮೊದಲು ನನ್ನ ಬಾಯಿಗೆ ಹಾಕುತ್ತಿದ್ದಳು. ಆಯಿ ತಾನು ತಿನ್ನುತ್ತಿರಲಿಲ್ಲ, ನಮ್ಮನ್ನು ತಡೆಯುತ್ತಲೂ ಇರಲಿಲ್ಲ. ಈ ಸಲ ಬರುವುದಿಲ್ಲ ಅಂದುಕೊಂಡಿದ್ದೆವು. ಮುಂಬಾಗಿಲ ಚಿಲಕ ಸಪ್ಪಳಾಯಿತು. ತೆರೆದರೆ ಖಾಲಾ, ಹೊಸ ಸೀರೆ, ಕೈಯಲ್ಲಿ ಮುಚ್ಚಿದ ಪಾತ್ರೆ. ಹೊಸ್ತಿಲ ಆಚೆಯೇ ನಿಂತಿದ್ದಳು.

"ಒಳಗ ಬಾ ಖಾಲಾ."

"ಬ್ಯಾಡವಾ, ಲಗೂ ಹೋಗಬೇಕು." ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟಳು. ಆಮೇಲೆ ಎರಡೂ ಅಂಗೈ ನನ್ನ ಮೂಗಿಗೆ ಹಿಡಿದಳು. ಈ ಸಲ ನಗಲಿಲ್ಲ. "ಮೂಸಿ ನೋಡ ಶೋಭವ್ವಾ. ತೊಳಕೊಂಡ ಮಾಡೇನಿ. ನಿಮ್ಮ ಆಯಿಗೆ ಹೇಳು."

ತುಪ್ಪ, ಏಲಕ್ಕಿ, ಸಾಬೂನಿನ ವಾಸನೆ. ಪಾಸ್ ಅನ್ನಬೇಕಿತ್ತು, ಅನ್ನದೆ ಪಾತ್ರೆ ಎತ್ತಿಕೊಳ್ಳಲು ಬಗ್ಗಿದೆ. ಒಳಗೆ ಅಡುಗೆಮನೆಯಲ್ಲಿ ಅವ್ವನ ಬಳೆ ಸದ್ದು ನಿಂತಿತ್ತು. ಅವಳು ಎಲ್ಲ ಕೇಳಿಸಿಕೊಂಡಳು, ಹೊರಗೆ ಬರಲಿಲ್ಲ. ಖಾಲಾ ಹೋದಳು.

ಪಾತ್ರೆ ಒಳಗೆ ತಂದೆ. ಯಾರೂ ಮುಟ್ಟಲಿಲ್ಲ. ಕೊನೆಗೆ ಆಯಿ ಎದ್ದು ಬಂದಳು, ಒಂದು ಚಮಚ ಬಗ್ಗಿಸಿಕೊಂಡು ನಮ್ಮೆಲ್ಲರ ಎದುರು ತಿಂದಳು, ಜೀವಮಾನದಲ್ಲಿ ಮೊದಲ ಸಲ. ಕಣ್ಣು ಒರೆಸಿಕೊಂಡು ದೇವರ ಮನೆಗೆ ಹೋದಳು. ಅಷ್ಟೊತ್ತಿಗೆ ಖಾಲಾ ಓಣಿ ದಾಟಿದ್ದಳು. ಆಯಿ ತಿಂದದ್ದು ಅವಳಿಗೆ ಯಾವತ್ತೂ ಗೊತ್ತಾಗಲಿಲ್ಲ.

ಈಗ ನಾನು ಹಾವೇರಿಯಲ್ಲಿದ್ದೇನೆ. ಆಯಿ ಇಲ್ಲ, ಖಾಲಾ ಮಗಳ ಊರು ಮೇಡ್ಲೇರಿಗೆ ಹೋಗಿ ಅಲ್ಲೇ ತೀರಿಕೊಂಡಳೆಂದು ಬಹಳ ತಡವಾಗಿ ತಿಳಿಯಿತು. ಮಲ್ಲುವಿನ ಗಲ್ಲದಲ್ಲಿ ಗುರುತೂ ಇಲ್ಲ. ಅವ್ವ ಕೊಟ್ಟ ಮೊಲದ ಕಿವಿಯ ಸಂತಾನ ನನ್ನ ಮಾಳಿಗೆಯ ಮೇಲೆ ಬೆಳೆದಿದೆ. ಡಬ್ಬಿ ಬದಲಿಸುವಾಗ ಪೇಪರಿನಲ್ಲಿ ಸುತ್ತಿ ಹಿಡಿಯುತ್ತೇನೆ, ಸೆರಗು ಸೊಂಟಕ್ಕೆ ಬಿಗಿಯುತ್ತೇನೆ, ಪಕ್ಕದಲ್ಲಿ ಹಿಟ್ಟಿನ ಉಂಡೆ ಇಟ್ಟುಕೊಳ್ಳುತ್ತೇನೆ. ನಮ್ಮ ಮನೆಗೆ ಈಗ ಬರುವವರೆಲ್ಲ ಫೋನ್ ಮಾಡಿ, ಬೆಲ್ ಒತ್ತಿ ಬರುತ್ತಾರೆ. ಹಿಂದಿನ ಬಾಗಿಲು ತಳ್ಳಿ ಒಳಗೆ ಬರುವವರು ಯಾರೂ ಇಲ್ಲ, ಮನೆಗೆ ಹಿಂದಿನ ಬಾಗಿಲೇ ಇಲ್ಲ.

ಕೆಲಸ ಮುಗಿದ ಮೇಲೆ ಕೈ ತೊಳೆದು, ಅಭ್ಯಾಸಬಲದಿಂದ, ಎರಡೂ ಅಂಗೈ ಮೂಗಿಗೆ ಹಿಡಿಯುತ್ತೇನೆ. ಸಾಬೂನಿನ ವಾಸನೆಯೇ ಬರುತ್ತದೆ. ಪಾಸ್ ಅನ್ನಲು ಮಾತ್ರ ಇನ್ನೂ ಬಾಯಿ ಬರುವುದಿಲ್ಲ.