ಶಾಲೆಯ ಮಾಡಿಗೆ ಕಡಿಮೆ ಬಿದ್ದ ಒಂದು ಗೇಣು

ಕಳೆದ ವಾರ ಪಕ್ಕದ ಮನೆಯವರು ತಾರಸಿಯ ಮೇಲೆ ತಗಡಿನ ಮಾಡು ಹಾಕಿಸಲು ಕಬ್ಬಿಣದ ಪಟ್ಟಿಗಳನ್ನು ತರಿಸಿ, ಅಂಗಳದಲ್ಲಿ ಸಾಲಾಗಿ ಇಟ್ಟು ಕೆಂಪು ಬಣ್ಣ ಬಳಿಸುತ್ತಿದ್ದರು. ತುಕ್ಕು ಹಿಡಿಯದಂತೆ ಮೊದಲು ಬಳಿಯುವ ಆ ಬಣ್ಣಕ್ಕೆ ಒಂದು ಘಾಟು ಇದೆ. ಅಡುಗೆಮನೆಯ ಕಿಟಕಿ ಮುಚ್ಚಿದೆ, ಮತ್ತೆ ತೆರೆದೆ. ಸೌತೆಕಾಯಿ ಹೆಚ್ಚುತ್ತಿದ್ದವಳು ಅರ್ಧಕ್ಕೇ ಬಿಟ್ಟು ಎದ್ದೆ. ಇಷ್ಟು ವರ್ಷ ಕಳೆದರೂ ಆ ವಾಸನೆ ಬಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ...

ಐವತ್ತರ ದಶಕದ ಕೊನೆ ಅದು. ಪುತ್ತೂರಿನ ಕಾನ್ವೆಂಟಿನಲ್ಲಿ ಓದಿದ ನಾನು ಸುಳ್ಯದಿಂದ ಮೂರು ಮೈಲು ಒಳಗಿನ ಹಳ್ಳಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಊರವರು ಸೇರಿ ಶಾಲೆಗೆ ಹೊಸ ಕಟ್ಟಡ ಕಟ್ಟಿಸುತ್ತಿದ್ದರು. ಅದಕ್ಕೆ ಮುಂದಾಳು ನಮ್ಮ ಯಜಮಾನರು. ಮರದ ಕೆಲಸಕ್ಕೆ ಬಂದವರು ಕಡಬ ಕಡೆಯ ಹಿರಿಯ ಆಚಾರಿ. ತೆಳ್ಳಗಿನ ಮನುಷ್ಯ, ಕಿವಿಯ ಸಂದಿನಲ್ಲಿ ಸದಾ ಒಂದು ಪೆನ್ಸಿಲ್ ತುಂಡು. ದಿಮ್ಮಿಯನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆಯೇ ಬೇಕು ಬೇಡ ಎನ್ನುತ್ತಿದ್ದರು. ಉಂಡ ಬಾಳೆಲೆಯನ್ನು ಮಡಚುವಾಗಲೂ ಅಂಚಿಗೆ ಅಂಚು ಸರಿಯಾಗಿ ಕೂಡಿಸುವವರು.

ಮಾಡನ್ನು ಹೊರುವ ತ್ರಿಕೋನದ ಚೌಕಟ್ಟುಗಳಿಗೆ ಎಂಜಿನಿಯರರು ಟ್ರಸ್ ಎನ್ನುತ್ತಿದ್ದರು. ಅವು ಮರದ್ದೇ ಆಗಬೇಕೆಂದು ಮೊದಲು ನಿಶ್ಚಯವಾಗಿತ್ತು. ಹಲಸು, ಕಾಡುಮರವಾದ ಮರುವ ಎಂದು ಆಚಾರಿಯೇ ಹುಡುಕಿ ಮರಗಳಿಗೆ ಗುರುತು ಹಾಕಿ ಬಂದಿದ್ದರು.

ಆಚಾರಿಯೇ ಅಳತೆ ಹಿಡಿದು ಅಡಿಪಾಯಕ್ಕೆ ಗೂಟ ಹೊಡೆದ ದಿನ ಯಜಮಾನರು ಮಂಗಳೂರಿಗೆ ಹೋಗಿದ್ದರು. ಸಂಜೆ ಆಚಾರಿ ನಮ್ಮ ಅಂಗಳಕ್ಕೆ ಬಂದರು. ನಾನು ಬೆಲ್ಲ ನೀರು ತಂದಿಟ್ಟೆ.

"ಅಕ್ಕ, ಧಣಿಗಳು ಬಂದ ಕೂಡ್ಲೇ ಒಂದು ಮಾತು ಹೇಳ್ಬೇಕು. ನಾನು ನಾಳೆ ಬೆಳಿಗ್ಗೆ ನೆಟ್ಟಣಕ್ಕೆ ಹೋಗುದು, ಅಲ್ಲಿ ಒಂದು ತಿಂಗಳ ಕೆಲಸ ಉಂಟು. ಶಾಲೆಯ ಅಗಲ ಒಂದು ಗೇಣು ಹೆಚ್ಚು ಮಾಡಿದ್ದೇನೆ."

"ಎಂತಕ್ಕೆ ಆಚಾರ್ರೆ?"

"ನಕ್ಷೆಯ ಅಳತೆಗೆ ಆಯ ಸರಿ ಬರುದಿಲ್ಲ. ಲೆಕ್ಕ ಹಾಕಿದ್ರೆ ಮರಣ ಬರ್ತದೆ. ಮಕ್ಕಳು ಕೂತ್ಕೊಳ್ಳುವ ಜಾಗ ಅಲ್ವಾ?"

ಸುತ್ತಳತೆಯಿಂದ ಕಟ್ಟಡದ ಆಯುಸ್ಸನ್ನು ಬಾಲ್ಯ, ಯೌವನ, ಮರಣ ಎಂದು ಲೆಕ್ಕ ಹಾಕುವ ಆ ಆಯದ ಪದ್ಧತಿಯ ಬಗ್ಗೆ ಕೇಳಿದ್ದೆ. ಕಾನ್ವೆಂಟಿನ ಗೆಳತಿಯರ ಜೊತೆ ಇಂಥದ್ದಕ್ಕೆಲ್ಲ ನಕ್ಕವಳು ನಾನು. ಅವರ ಎದುರಿಗೆ ನಗಲಿಲ್ಲ, ತಲೆಯಾಡಿಸಿದೆ.

"ನೀವು ಓದಿದವರು, ಮರೀಲಿಕ್ಕಿಲ್ಲ" ಎಂದು ಹೊರಟರು.

ನಿಜ, ಮರೆಯಲಿಲ್ಲ. ಯಜಮಾನರು ಬಂದಾಗ ಮಾತು ನಾಲಿಗೆಯ ತುದಿಯಲ್ಲೇ ಇತ್ತು. 'ನೀನೂ ಇದನ್ನೆಲ್ಲ ನಂಬುದಾ?' ಎಂದು ನಕ್ಕರೆ ಎಂದು ನಾಚಿಕೆಯಾಯಿತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಒಂದು ಗೇಣು ತಾನೇ...

ಗೂಟ ಇದ್ದ ಹಾಗೆ ಗೋಡೆ ಎದ್ದಿತು. ಅಷ್ಟರಲ್ಲಿ ನಮ್ಮ ಜಗಲಿಯ ಚರ್ಚೆ ಬೇರೆ ಕಡೆಗೆ ತಿರುಗಿತ್ತು. ಹಸಿಮರ ಒಣಗಲು ಸಮಯ ಬೇಕು, ಆಮೇಲೆ ಗೆದ್ದಲು ಬಿಡುವುದಿಲ್ಲ. ಕಬ್ಬಿಣವಾದರೆ ಶಾಲೆ ತೆರೆಯುವ ಮೊದಲೇ ಮಾಡು ಮುಗಿಯುತ್ತದೆ. ನೆಟ್ಟಣದಿಂದ ಮರಳಿದ್ದ ಆಚಾರಿ ಮೆಟ್ಟಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

"ಗೆದ್ದಲು ಇಲ್ಲ, ಸರಿ. ತುಕ್ಕು ಉಂಟಲ್ಲ ಧಣಿ? ಮರ ಆದ್ರೆ ಹೆಚ್ಚುಕಮ್ಮಿ ಆದದ್ದನ್ನು ಇಲ್ಲೇ ಕೆತ್ತಿ ಕೂರಿಸ್ಬಹುದು. ಕಬ್ಬಿಣ ಹೇಗೆ ಬರ್ತದೋ ಹಾಗೇ."

"ನಿಮ್ಮ ಉಳಿಗೆ ಕೆಲಸ ತಪ್ಪುದು ಅಂತ ಬೇಜಾರು ನಿಮಗೆ, ಅಷ್ಟೇ ಮಾರಾಯ್ರೆ!" ಎಂದರು ಒಬ್ಬರು. ಜಗಲಿಯಿಡೀ ನಕ್ಕಿತು. ಆಚಾರಿ ಹೆಗಲ ಬೈರಾಸು ಕೊಡವಿ ಹೊರಟುಹೋದರು.

ಕಬ್ಬಿಣದ ಚೌಕಟ್ಟು ಮಾಡಿಸಲು ನಕ್ಷೆ ಮಂಗಳೂರಿಗೆ ಹೋಯಿತು, ಹಳೆಯ ಅಳತೆಯದ್ದೇ. ಎದ್ದ ಗೋಡೆಯನ್ನು ಯಾರೂ ಅಳೆದು ನೋಡಲಿಲ್ಲ. ಧಣಿಗಳಿಗೆ ವಿಷಯ ಗೊತ್ತಿದೆ ಎಂದು ಆಚಾರಿ ನಂಬಿದ್ದರು. ಗೊತ್ತಿಲ್ಲ ಎಂದು ನನಗೊಬ್ಬಳಿಗೆ ಗೊತ್ತಿತ್ತು. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಆ ದಿನಗಳಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ, ಎರಡು ಸಲ ಹಾಲು ಉಕ್ಕಿಸಿದೆ. "ಎಂತ ಆಗಿದೆ ನಿಂಗೆ?" ಎಂದು ಅತ್ತೆ ಕೇಳಿದರೆ, ತಲೆನೋವು ಎಂದೆ.

ಕೆಂಪು ಬಣ್ಣ ಬಳಿದ ಐದು ಚೌಕಟ್ಟುಗಳು ಲಾರಿಯಲ್ಲಿ ಬಂದವು. ಹಗ್ಗ ಕಟ್ಟಿ ಮೊದಲನೆಯದನ್ನು ಮೇಲೆತ್ತಿದರೆ ಅದರ ತುದಿಗಳು ಗೋಡೆಗಳ ಒಳ ಅಂಚಿನಲ್ಲಿ ಬೆರಳಗಲ ಮಾತ್ರ ಕೂತವು. ಒಂದು ಗೇಣು ಕಡಿಮೆ.

ಆಚಾರಿಯನ್ನು ನಮ್ಮ ಜಗಲಿಗೆ ಕರೆಸಿದರು.

"ಕಬ್ಬಿಣ ಕೂರ್ಬಾರ್ದು ಅಂತ ಮೊದಲೇ ಮಾಡಿಟ್ಟ ಉಪಾಯ ಅಲ್ವಾ ಇದು?" ಎಂದರು ಅಂದು ನಗೆಯಾಡಿದವರೇ.

ಯಜಮಾನರು ಸ್ವರ ಏರಿಸಲಿಲ್ಲ. "ನನಗೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಆಚಾರ್ರೆ?"

ಆಚಾರಿ ಯಜಮಾನರ ಮುಖವನ್ನೇ ನೋಡಿದರು. ಆಮೇಲೆ ಬಾಗಿಲ ಕಡೆಗೆ... ಕಾಫಿಯ ತಟ್ಟೆ ಹಿಡಿದು ನಿಂತ ನನ್ನನ್ನು. ಮನೆಯ ಸೊಸೆಯ ಮಾತು ಸಭೆಯಲ್ಲಿ ಬರಬಾರದು ಎಂದುಕೊಂಡರೋ, ನಾನೇ ಬಾಯಿ ಬಿಡಲೆಂದು ಕಾದರೋ. ನಾನು ಬಗ್ಗಿ ಕಾಫಿಯ ಲೋಟಗಳನ್ನು ಒಬ್ಬೊಬ್ಬರ ಮುಂದೆ ಇಡತೊಡಗಿದೆ.

"ಹೇಳ್ಬೇಕಿತ್ತು ಧಣಿ. ತಪ್ಪಾಯ್ತು" ಎಂದರು.

ಮುಂದಿನ ಕೆಲವು ದಿನ ಅವರು ಹಲಸಿನ ಮರದಲ್ಲಿ ಹತ್ತು ಬೋದಿಗೆಗಳನ್ನು ಕೆತ್ತಿದರು. ಗೋಡೆಯಿಂದ ಒಳಕ್ಕೆ ಚಾಚಿ ಭಾರ ಹೊರುವ ದಪ್ಪ ತುಂಡುಗಳು. ಅವುಗಳ ಮೇಲೆ ಕಬ್ಬಿಣದ ತುದಿಗಳು ಅಲುಗಾಡದೆ ಕೂತವು. ಶಾಲೆ ಹೊತ್ತಿಗೆ ಸರಿಯಾಗಿ ತೆರೆಯಿತು.

ಕೆಲಸ ಮುಗಿಯುವ ಮೊದಲು, ಒಂದು ಮಧ್ಯಾಹ್ನ, ಬೇರೆ ಯಾರೂ ಇಲ್ಲದಾಗ ಅಲ್ಲಿಗೆ ಹೋಗಿದ್ದೆ.

"ಆಚಾರ್ರೆ, ನಾನು..."

ಅವರು ಉಳಿ ನಿಲ್ಲಿಸಲಿಲ್ಲ. "ಬಿಸಿಲು ಉಂಟು ಅಕ್ಕ, ಮನೆಗೆ ಹೋಗಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

ಆಮೇಲೆ ನಮ್ಮೂರಲ್ಲಿ ಅವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅಳತೆ ತಪ್ಪಿಸುವ ಆಚಾರಿ ಎಂಬ ಹೆಸರು ಕಡಬದವರೆಗೂ ಹೋಯಿತು. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿಯನ್ನು ಯಜಮಾನರು ಊಟಕ್ಕೆ ಕೂತಾಗ ಹೇಳಿದರು. "ಒಳ್ಳೆ ಕೆಲಸಗಾರ. ಬುದ್ಧಿ ಮಾತ್ರ ವಕ್ರ." ನಾನು ಸಾರು ಬಡಿಸಿದೆ.

ಈಗ ಯಜಮಾನರೂ ಇಲ್ಲ. ಜಗಲಿಯಲ್ಲಿ ಕೂತು ನಕ್ಕವರಲ್ಲಿ ಒಬ್ಬರೂ ಉಳಿದಿಲ್ಲ. ಆ ಕಟ್ಟಡವನ್ನೂ ಕೆಡವಿ ತಾರಸಿಯದ್ದು ಕಟ್ಟಿದ್ದಾರೆ. ಯಾರಿಗೆ ಹೇಳಬೇಕಿತ್ತೋ ಅವರೆಲ್ಲ ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಆಚಾರಿ ಮೋಸ ಮಾಡಿದ್ದಲ್ಲ. ಗೂಟ ಹೊಡೆದ ಸಂಜೆಯೇ ಮನೆಗೆ ಬಂದು ಹೇಳಿ ಹೋಗಿದ್ದರು. ನನಗೆ.